ಕೊಂಬೆಯ ಕವಲಿನಿಂದ ಸ್ಟೂಲಿನ ಕಾಲಿಗೆ: ಶಿಲ್ಪದಂಥ ಪೀಠೋಪಕರಣ ಮಾಡುವ ಬಗೆ

ಶಿಲ್ಪದ ಹಾಗೆ ಕಾಣುವ ಸ್ಟೂಲು, ಬೆಂಚು, ಟೀಪಾಯಿಗಳನ್ನು ನಾವೇ ಮಾಡಿಕೊಳ್ಳಬಹುದಾ? ಎಲ್ಲಿಂದ ಶುರು ಮಾಡಬೇಕು? ಕೆತ್ತನೆ ಬರಲೇಬೇಕಾ? ಮರಗೆಲಸದ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವುದು ಹೆಚ್ಚುಕಡಿಮೆ ಇಷ್ಟನ್ನೇ. ಜೊತೆಗೆ ಚಿತ್ರಗಳೂ ಬರುತ್ತವೆ: ಎಲೆಯಾಕಾರದ ಮೇಜು, ಬೇರಿನಂತೆ ನೆಲಕ್ಕಿಳಿದ ಕಾಲು, ಅಲೆಯ ಹಾಗೆ ಬಳುಕಿದ ಬೆಂಚು. ಇಂಥದ್ದನ್ನೇ ಮಾಡಬೇಕು ಅನ್ನುತ್ತಾರೆ.

ಮಾಡಬಹುದು. ಆದರೆ ಎಲೆ ಮೇಜಿನಿಂದ ಶುರು ಮಾಡಬೇಡಿ, ಮೂರು ಕಾಲಿನ ಸ್ಟೂಲಿನಿಂದ ಶುರು ಮಾಡಿ. ಭಾರ, ಕೀಲು, ತಿರುವು, ಮೇಲ್ಮೈ ಹೀಗೆ ದೊಡ್ಡ ಕೆಲಸದಲ್ಲಿ ಬರುವ ತೊಡಕುಗಳೆಲ್ಲ ಇದರಲ್ಲೂ ಬರುತ್ತವೆ. ಕೆಟ್ಟರೆ ಕೆಡುವುದು ಒಂದು ತುಂಡು ಹಲಗೆ ಅಷ್ಟೇ. ಪೀಠೋಪಕರಣವನ್ನು ಶಿಲ್ಪದ ಕಣ್ಣಿಂದ ನೋಡಿದ ಅಮೆರಿಕದ ವಾರ್ಟನ್ ಎಶೆರಿಕ್ (1887–1970) ಅವರ ಕೈಯಿಂದ ಬಂದ ಹೆಸರುವಾಸಿ ವಸ್ತುಗಳಲ್ಲಿ ಮೂರು ಕಾಲಿನ ಪುಟ್ಟ ಸ್ಟೂಲುಗಳೂ ಸೇರಿವೆ. ಆರಂಭಿಗರ ಕೆಲಸ ಅಂತ ಯಾರೂ ಮೂಗು ಮುರಿಯಬೇಕಿಲ್ಲ.

ಇನ್ನೊಂದು ಮಾತು. ಪ್ರಕೃತಿಯಿಂದ ಪ್ರೇರಣೆ ಅಂದ ಕೂಡಲೇ ಹೆಚ್ಚಿನವರು ಆಕಾರವನ್ನು ನಕಲು ಮಾಡಲು ಹೊರಡುತ್ತಾರೆ. ಹೂವಿನ ಕುರ್ಚಿ, ಚಿಪ್ಪಿನ ಕುರ್ಚಿ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಮರ, ಮೂಳೆ, ಚಿಪ್ಪುಗಳಿಂದ ಕಲಿಯಬೇಕಾದ್ದು ಅವು ಭಾರ ಹೊರುವ ರೀತಿಯನ್ನು: ಎಲ್ಲಿ ದಪ್ಪವಾಗುತ್ತವೆ, ಎಲ್ಲಿ ಸಣ್ಣಗಾಗುತ್ತವೆ, ಒಂದು ಭಾಗ ಇನ್ನೊಂದಕ್ಕೆ ಹೇಗೆ ಕೂಡಿಕೊಳ್ಳುತ್ತದೆ. ಅದನ್ನು ಹಿಡಿದರೆ ಆಕಾರ ತಾನಾಗಿ ಬರುತ್ತದೆ.

ಏನೇನು ಬೇಕು

ಕೂರುವ ಹಲಗೆಗೆ 36 × 36 ಸೆಂ.ಮೀ. ಅಗಲದ, 5 ಸೆಂ.ಮೀ. ದಪ್ಪದ ಒಣಗಿದ ಗಟ್ಟಿಮರ. ಒಂದೇ ತುಂಡು ಸಿಗದಿದ್ದರೆ ಎರಡು ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿಕೊಳ್ಳಬಹುದು. ಕಾಲಿಗೆ 50 × 50 ಮಿ.ಮೀ. ಚೌಕದ, 50 ಸೆಂ.ಮೀ. ಉದ್ದದ ಮೂರು ತುಂಡು; ನಾಲ್ಕನೆಯದೊಂದು ಇಟ್ಟುಕೊಂಡರೆ ಒಳ್ಳೆಯದು.

ಉಪಕರಣಗಳಲ್ಲಿ ಗರಗಸ, ಬೈರಿಗೆ ಅಥವಾ ಡ್ರಿಲ್, ಉಳಿ, ಕೊಡತಿ, ಮೂಲೆಮಟ್ಟ, ರಸಮಟ್ಟ, ಕ್ಲ್ಯಾಂಪುಗಳು ಸಾಮಾನ್ಯ. ಹೊಸಬರಿಗೆ ಪರಿಚಯವಿಲ್ಲದವು ನಾಲ್ಕು. ಸ್ಪೋಕ್‌ಶೇವ್ ಅಂದರೆ ಎರಡೂ ಬದಿಗೆ ಹಿಡಿಯಿರುವ ಪುಟ್ಟ ಕೀಸುಳಿ. ತಿರುವುಗಳನ್ನು ಕೀಸಲು ಇದಕ್ಕಿಂತ ಒಳ್ಳೆಯದಿಲ್ಲ. ರಾಸ್ಪ್ ಅಂದರೆ ಹಲ್ಲು ಹಲ್ಲಾಗಿರುವ ಒರಟು ಅರ. ಗೌಜ್ ಅಂದರೆ ಬಾಯಿ ಬಾಗಿದ ಉಳಿ. ಹಲಗೆಯನ್ನು ತೋಡಲು ಬೇಕು. ಸ್ಕ್ರೇಪರ್ ಅಂದರೆ ಅಂಚು ಮಸೆದ ತೆಳು ಉಕ್ಕಿನ ತಗಡು. ಆಂಗಲ್ ಗ್ರೈಂಡರಿಗೆ ಕೆತ್ತನೆಯ ಚಕ್ರ ಹಾಕಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಕೆಡುವುದೂ ಅಷ್ಟೇ ಬೇಗ. ಮೊದಲ ಸ್ಟೂಲಿಗೆ ಅದು ಬೇಡ.

ಹಂತ 1: ಒಂದೇ ವಸ್ತುವನ್ನು ಆರಿಸಿ, ಸರಿಯಾಗಿ ನೋಡಿ

ನೂರು ಚಿತ್ರ ಕೂಡಿಹಾಕುವುದಕ್ಕಿಂತ ಒಂದು ಒಣಗಿದ ಕವಲನ್ನು ಮೇಜಿನ ಮೇಲಿಟ್ಟು ಮೂರು ಕಡೆಯಿಂದ ಬರೆಯುವುದು ಮೇಲು. ಕೊಂಬೆ ಕಾಂಡಕ್ಕೆ ಸೇರುವ ಜಾಗವನ್ನು ಹತ್ತಿರದಿಂದ ನೋಡಿ. ಅಲ್ಲಿ ಚೂಪಾದ ಮೂಲೆ ಇರುವುದಿಲ್ಲ. ಕಾಂಡದಿಂದ ಕೊಂಬೆಗೆ ದಪ್ಪ ನಿಧಾನವಾಗಿ ಇಳಿಯುತ್ತದೆ, ಆ ಇಳಿಜಾರೂ ವೃತ್ತದ ತುಣುಕಲ್ಲ: ಒಂದು ಕಡೆ ಬೇಗ ತಿರುಗಿ, ಇನ್ನೊಂದು ಕಡೆ ಉದ್ದಕ್ಕೆ ಎಳೆದುಕೊಂಡು ಹೋಗಿರುತ್ತದೆ. ಚೂಪು ಮೂಲೆಯಲ್ಲಿ ಒತ್ತಡವೆಲ್ಲ ಒಂದೇ ಕಡೆ ಸೇರಿ ಬಿರುಕು ಬಿಡುತ್ತದೆ. ಮರ ಒತ್ತಡ ಹೆಚ್ಚಿರುವ ಕಡೆ ಹೆಚ್ಚು ಬೆಳೆದು ಅದನ್ನು ಹಂಚಿಬಿಡುತ್ತದೆ.

ಈ ತಿರುವನ್ನು ಸ್ಕೇಲು, ಪೆನ್ಸಿಲ್‌ನಲ್ಲೇ ಬರೆಯುವ ಉಪಾಯವೊಂದಿದೆ. ಮರಗಳ ಬೆಳವಣಿಗೆಯನ್ನು ಯಂತ್ರಶಾಸ್ತ್ರದ ದೃಷ್ಟಿಯಿಂದ ಅಧ್ಯಯನ ಮಾಡಿದ ಜರ್ಮನಿಯ ಕ್ಲಾಸ್ ಮಾಟೆಕ್ ಇದನ್ನು ಎಳೆತದ ತ್ರಿಕೋನಗಳ ವಿಧಾನ ಅನ್ನುತ್ತಾರೆ. ಕಾಗದದ ಮೇಲೆ ಒಂದು ಅಡ್ಡಗೆರೆ, ಅದರ ಮೇಲೆ ಲಂಬವಾಗಿ ಒಂದು ನೆಟ್ಟಗೆರೆ ಎಳೆಯಿರಿ. ಮೂಲೆಗೆ 45 ಡಿಗ್ರಿಯಲ್ಲಿ ಒಂದು ಓರೆಗೆರೆ ಹಾಕಿ. ಆ ಓರೆಗೆರೆಯ ನಡುಬಿಂದುವನ್ನು ಗುರುತಿಸಿ. ಓರೆಗೆರೆ ನೆಟ್ಟಗೆರೆಗೆ ತಾಗಿದ ಜಾಗದಿಂದ ಮೇಲಕ್ಕೆ, ಓರೆಗೆರೆಯ ಅರ್ಧದಷ್ಟು ಉದ್ದ ಅಳೆದು ಇನ್ನೊಂದು ಚುಕ್ಕೆ ಇಡಿ. ನಡುಬಿಂದುವನ್ನು ಆ ಚುಕ್ಕೆಗೆ ಸೇರಿಸಿ. ಈ ಎರಡನೆಯ ಗೆರೆ ನೆಟ್ಟಗೆರೆಗೆ 22.5 ಡಿಗ್ರಿಯಲ್ಲಿರುತ್ತದೆ. ಇದೇ ಕ್ರಮ ಇನ್ನೊಮ್ಮೆ ಮಾಡಿದರೆ ಮೂರನೆಯ ಗೆರೆ 11.25 ಡಿಗ್ರಿ. ಈಗ ಮುರುಕುಗಳನ್ನೆಲ್ಲ ಕೈಯಲ್ಲೇ ಸವರಿ ಒಂದು ಗೆರೆಯಾಗಿಸಿ. ನೀವು ಬರೆದಿಟ್ಟುಕೊಂಡ ಕವಲಿನ ಪಕ್ಕದಲ್ಲಿಟ್ಟು ನೋಡಿ, ಹೋಲಿಕೆ ತಾನೇ ಕಾಣುತ್ತದೆ. ಸ್ಟೂಲಿನ ಕಾಲು ಹಲಗೆಗೆ ಸೇರುವ ಕಡೆ ನಮಗೆ ಬೇಕಾದ ತಿರುವು ಇದೇ.

ಹಂತ 2: ಅಳತೆ ಮತ್ತು ಮಾದರಿ

ಎತ್ತರ 45 ಸೆಂ.ಮೀ. ಇರಲಿ. ಕೂರುವ ಹಲಗೆಯ ಅಡ್ಡಳತೆ 34 ಸೆಂ.ಮೀ., ಅಂದರೆ ನಡುವಿನಿಂದ ಅಂಚಿಗೆ 17.

ಮೂರು ಕಾಲಿನ ದೊಡ್ಡ ಅನುಕೂಲ, ನೆಲ ಏರುಪೇರಾಗಿದ್ದರೂ ಅದು ಕುಂಟುವುದಿಲ್ಲ. ಅನನುಕೂಲ, ಎರಡು ಕಾಲುಗಳ ನಡುವಿನ ಕಡೆಗೆ ಬೇಗ ಮಗುಚುತ್ತದೆ. ಲೆಕ್ಕ ನೋಡಿ. ಕಾಲುಗಳ ತುದಿ ನಡುವಿನಿಂದ 21 ಸೆಂ.ಮೀ. ದೂರದಲ್ಲಿದ್ದರೆ, ಎರಡು ತುದಿಗಳನ್ನು ಸೇರಿಸುವ ಗೆರೆ ನಡುವಿನಿಂದ ಬರೀ 10.5 ಸೆಂ.ಮೀ. ದೂರ. ಸಮಬಾಹು ತ್ರಿಕೋನದಲ್ಲಿ ಅದು ಯಾವಾಗಲೂ ಅರ್ಧವೇ. ಭಾರ ಆ ಗೆರೆ ದಾಟಿದರೆ ಸ್ಟೂಲು ಬೀಳುತ್ತದೆ. ನಾಲ್ಕು ಕಾಲಾಗಿದ್ದರೆ ಅದೇ 21 ಸೆಂ.ಮೀ.ಗೆ ಈ ದೂರ ಹೆಚ್ಚುಕಡಿಮೆ 15 ಇರುತ್ತಿತ್ತು. ಚಿತ್ರದಲ್ಲಿ ಚೆಂದ ಕಾಣುತ್ತದೆಂದು ಕಾಲುಗಳನ್ನು ಒಳಕ್ಕೆ ಸೇರಿಸುವವರು ಎಡವುವುದು ಇಲ್ಲೇ. ಇಷ್ಟು ಹರವಿದರೂ ಇದು ನಡುವೆ ಕೂರುವ ಸ್ಟೂಲು. ಅಂಚಿನಲ್ಲಿ ಕೂರಲು, ಮೇಲೆ ಹತ್ತಿ ನಿಲ್ಲಲು ಅಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ನಾಲ್ಕು ಕಾಲಿನದೇ ಮಾಡಿ.

ಕಾಲು 15 ಡಿಗ್ರಿ ಹೊರಕ್ಕೆ ಓರೆಯಾಗಿರಲಿ. ಹಲಗೆಯ ಅಡಿಯಲ್ಲಿ ನಡುವಿನಿಂದ 10 ಸೆಂ.ಮೀ. ದೂರಕ್ಕೆ ತೂತು ಬಂದರೆ, ಕಾಲು ನೆಲ ಮುಟ್ಟುವಾಗ ಸರಿಸುಮಾರು 21 ಸೆಂ.ಮೀ. ದೂರಕ್ಕೆ ಹೋಗಿರುತ್ತದೆ.

ಇದನ್ನು ಮೊದಲು ಜೇಡಿಮಣ್ಣಿನಲ್ಲಿ ಐದರಲ್ಲಿ ಒಂದರಷ್ಟು ಗಾತ್ರಕ್ಕೆ, ಅಂದರೆ 9 ಸೆಂ.ಮೀ. ಎತ್ತರಕ್ಕೆ ಮಾಡಿ. ಒಂದಲ್ಲ, ನಾಲ್ಕೈದು ಮಾಡಿ. ಒದ್ದೆ ಮಣ್ಣಿನ ಕಾಲು ನಿಲ್ಲದಿದ್ದರೆ ಒಳಗೊಂದು ತಂತಿ ಚುಚ್ಚಿ. ನೆಲದ ಮಟ್ಟಕ್ಕೆ ಕಣ್ಣು ತಂದು ನೋಡಿ, ಮೇಲಿನಿಂದ ನೋಡಿ, ಗೋಡೆಗೆ ಬಿದ್ದ ನೆರಳನ್ನೂ ನೋಡಿ. ಇಷ್ಟವಾದ ಮಾದರಿಯ ಒಂದು ಕಾಲನ್ನು ಮಾತ್ರ ಪೂರ್ಣ ಗಾತ್ರಕ್ಕೆ ರಟ್ಟಿನಲ್ಲಿ ಕತ್ತರಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಬರೆಯಬಹುದಾ ಅಂತ ಕೇಳುವವರಿಗೆ: ಬರೆಯಬಹುದು. ಆದರೆ ತಿರುವು ಅತಿಯಾಯಿತು ಅನ್ನುವುದು ಪರದೆಯ ಮೇಲೆ ಸುಲಭಕ್ಕೆ ಗೊತ್ತಾಗುವುದಿಲ್ಲ, ಮಣ್ಣನ್ನು ಹೆಬ್ಬೆರಳು ಸವರಿದರೆ ಗೊತ್ತಾಗುತ್ತದೆ.

ಹಂತ 3: ಮರ ಆರಿಸುವುದು

ಜಾತಿಯ ಬಗ್ಗೆ ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಅದಕ್ಕಿಂತ ಮುಖ್ಯವಾದವು ಎರಡು: ಒಣಗಿದೆಯೇ, ಎಳೆ ನೇರ ಇದೆಯೇ.

ಹೀರಿಕೊಂಡ ತೇವ ಆರಿದ ಹಾಗೆಲ್ಲ ಮರ ಕುಗ್ಗುತ್ತದೆ, ಆದರೆ ಎಲ್ಲ ಕಡೆಗೂ ಒಂದೇ ಸಮನೆ ಅಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಹಲಗೆ ಸೊಟ್ಟಗಾಗುವುದು, ದಿಮ್ಮಿಯ ತುದಿ ನಕ್ಷತ್ರದಂತೆ ಸೀಳುವುದು ಈ ವ್ಯತ್ಯಾಸದಿಂದಲೇ. ಹಾಗಾಗಿ ದಿಮ್ಮಿಯ ನಟ್ಟನಡುವಿನ ಬೆಂಡು ಇರುವ ತುಂಡನ್ನು ಕೂರುವ ಹಲಗೆಗೆ ಬಳಸಲೇಬೇಡಿ.

ಮನೆಯೊಳಗಿಡುವ ಪೀಠೋಪಕರಣಕ್ಕೆ ಮರದಲ್ಲಿ ತೇವ 8ರಿಂದ 12 ಶೇಕಡ ಇದ್ದರೆ ಸಾಕು. ಅಳೆಯುವ ಮೀಟರ್ ಇಲ್ಲದಿದ್ದರೆ ತುಂಡನ್ನು ಕೆಲಸ ಮಾಡುವ ಕೋಣೆಯಲ್ಲೇ ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಕೈಹಚ್ಚಿ. ಹಸಿ ಹಲಗೆಯಾದರೆ ಒಂದು ಅಂಗುಲ ದಪ್ಪಕ್ಕೆ ಗಾಳಿಯಲ್ಲಿ ಒಂದು ವರ್ಷ ಒಣಗಬೇಕು ಅನ್ನುವುದು ಮರಗೆಲಸದವರ ಹಳೆಯ ಲೆಕ್ಕ. ಮರ, ಹವೆ ನೋಡಿಕೊಂಡು ಅದು ಹಿಂದೆಮುಂದಾಗುತ್ತದೆ.

ಎಳೆ ಅಂದರೆ ಮರದ ನಾರುಗಳು ಹರಿದಿರುವ ದಿಕ್ಕು. ಕಾಲಿನ ತುಂಡಿನ ಒಂದು ತುದಿಯಲ್ಲಿ ಹಿಡಿದ ಎಳೆ ಇನ್ನೊಂದು ತುದಿಯವರೆಗೂ ಹೋಗುತ್ತದೆಯೇ ಅಥವಾ ನಡುವೆಯೇ ಬದಿಗೆ ಹೊರಬೀಳುತ್ತದೆಯೇ ನೋಡಿ. ಹೊರಬಿದ್ದರೆ ಆ ತುಂಡು ಕಾಲಿಗೆ ಆಗದು. ಗಂಟು ಇರುವುದೂ ಆಗದು. ಕೂರುವ ಹಲಗೆಯಲ್ಲಿ ಚಿಕ್ಕ ಗಂಟೊಂದಿದ್ದರೆ ಅಡ್ಡಿಯಿಲ್ಲ, ತೂತಿನ ಹತ್ತಿರ ಬಾರದಿದ್ದರೆ ಸರಿ.

ಬಿರುಕು ಬಿಟ್ಟ ಚೆಂದದ ಹಲಗೆಯನ್ನು ಎಸೆಯಬೇಕಿಲ್ಲ. ಅಮೆರಿಕದ ಮರಗೆಲಸಗಾರ ಜಾರ್ಜ್ ನಕಾಶಿಮಾ (1905–1990) ಬಿರುಕಿಗೆ ಅಡ್ಡಲಾಗಿ ಚಿಟ್ಟೆ ರೆಕ್ಕೆಯಾಕಾರದ ಮರದ ತುಂಡು ಕೂರಿಸಿ, ಅದು ಮುಂದೆ ಹರಿಯದಂತೆ ಹಿಡಿದಿಡುತ್ತಿದ್ದರು. ಬಚ್ಚಿಡದೆ ಎದ್ದು ಕಾಣುವಂತೆಯೇ ಬಿಡುತ್ತಿದ್ದರು. ಮೇಜಿಗೆ ಅದು ಸೊಗಸು. 34 ಸೆಂ.ಮೀ.ನ ಸ್ಟೂಲಿನಲ್ಲಿ ಅಷ್ಟು ಜಾಗವಿಲ್ಲ.

ಹಂತ 4: ತಿರುವನ್ನು ಪಡೆಯುವ ದಾರಿ

ಬಾಗಿದ ಮರ ಸಿಗುವುದು ನಾಲ್ಕು ಬಗೆಯಲ್ಲಿ.

ಮೊದಲನೆಯದು ಗಟ್ಟಿ ತುಂಡಿನಿಂದ ಕತ್ತರಿಸಿ ತೆಗೆಯುವುದು. ಸುಲಭ, ಆದರೆ ತಿರುವು ಹೆಚ್ಚಾದರೆ ಎಳೆ ತುಂಡಾಗುತ್ತದೆ. ಅಂಥ ಜಾಗವನ್ನು ಕುರುಚಲು ಎಳೆ ಅನ್ನೋಣ. ಅಲ್ಲಿ ಬಿಸ್ಕತ್ತಿನ ಹಾಗೆ ಪಟ್ಟನೆ ಮುರಿಯುತ್ತದೆ. ಎರಡನೆಯದು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಆ ರಾಶಿಯನ್ನು ಕೆತ್ತುವುದು. ಅಮೆರಿಕದ ಪೀಠೋಪಕರಣ ಕಲಾವಿದ ವೆಂಡೆಲ್ ಕ್ಯಾಸಲ್ (1932–2018) ದೊಡ್ಡ ದೊಡ್ಡ ಕುರ್ಚಿಗಳನ್ನು ಹೀಗೇ ಮಾಡಿದರು. ಇಲ್ಲಿ ಎಲ್ಲ ಪದರಗಳ ಎಳೆಯೂ ಒಂದೇ ದಿಕ್ಕಿಗಿರಬೇಕು. ಮೂರನೆಯದು ಹಬೆಯಲ್ಲಿ ಬೇಯಿಸಿ ಬಗ್ಗಿಸುವುದು. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆ ಹಬೆ ಬೇಕು. ಪೀಠೋಪಕರಣ ತಯಾರಕ ಮೈಕೆಲ್ ಥೋನೆಟ್ ಅವರ 1859ರ 14ನೆಯ ನಂಬರಿನ ಕುರ್ಚಿ ಹೀಗೆ ಬಗ್ಗಿಸಿದ ಬೀಚ್ ಮರದ್ದು. ಗೂಡಿನಲ್ಲಿ ಕಾಯಿಸಿ ಒಣಗಿಸಿದ ಮರ ಇದಕ್ಕೆ ಸರಿಯಾಗಿ ಬಗ್ಗದು, ಗಾಳಿಯಲ್ಲಿ ಒಣಗಿದ್ದೇ ಬೇಕು. ನಾಲ್ಕನೆಯದು 2–3 ಮಿ.ಮೀ. ತೆಳುವಿನ ಪಟ್ಟಿಗಳಿಗೆ ಅಂಟು ಹಚ್ಚಿ, ಅಚ್ಚಿಗೆ ಬಿಗಿದು ಒಣಗಿಸುವುದು. ಬಿಚ್ಚಿದಾಗ ತುಸು ಹಿಂದಕ್ಕೆ ಚಿಮ್ಮುತ್ತದೆ, ಅದಕ್ಕೇ ಅಚ್ಚನ್ನು ಸ್ವಲ್ಪ ಹೆಚ್ಚೇ ಬಗ್ಗಿಸಿ ಮಾಡಿಕೊಳ್ಳುತ್ತಾರೆ.

ನಮ್ಮ ಸ್ಟೂಲಿಗೆ ಮೊದಲನೆಯದು ಸಾಕು. ಕಾಲಿನ ನಡುಗೆರೆ ನೇರವಾಗಿಯೇ ಇರಲಿ, ದಪ್ಪ ಮಾತ್ರ ಬದಲಾಗಲಿ. ಆಗ ಎಳೆ ಎಲ್ಲೂ ತುಂಡಾಗುವುದಿಲ್ಲ.

ಹಂತ 5: ಚೌಕವಾಗಿರುವಾಗಲೇ ತೂತು ಕೊರೆಯಿರಿ

ಅಳೆಯುವುದು, ಕೊರೆಯುವುದು ಎಲ್ಲ ಮುಗಿಯುವ ತನಕ ಹಲಗೆ ಚಪ್ಪಟೆಯಾಗಿ, ಕಾಲು ಚೌಕವಾಗಿ ಇರಬೇಕು. ಒಮ್ಮೆ ದುಂಡಗಾಯಿತೆಂದರೆ ಮೂಲೆಮಟ್ಟ ಇಡಲು ಜಾಗವೇ ಇರುವುದಿಲ್ಲ. ಕೆತ್ತುವ ಆತುರದಲ್ಲಿ ಈ ಕ್ರಮ ತಪ್ಪಿಸುವವರು ಬಹಳ.

ಹಲಗೆಯ ಅಡಿಯಲ್ಲಿ ನಡುವಿನಿಂದ 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, 120 ಡಿಗ್ರಿಗೊಂದರಂತೆ ಮೂರು ಗುರುತು ಹಾಕಿ. ಒಂದು ಮರದ ತುಂಡನ್ನು 15 ಡಿಗ್ರಿ ಓರೆಗೆ ಕತ್ತರಿಸಿ ಡ್ರಿಲ್ಲಿಗೆ ಆಸರೆಯಾಗಿ ಇಟ್ಟುಕೊಳ್ಳಿ. ಮೊದಲು 45 ಮಿ.ಮೀ.ನ ಸಮತಳ ಬಿಟ್‌ನಿಂದ (ತಳ ಚಪ್ಪಟೆಯಾಗಿ ಕೊರೆಯುವ ಡ್ರಿಲ್ಲಿನ ಮೊನೆ), ವೃತ್ತ ಪೂರ್ತಿ ಮೂಡುವಷ್ಟು ಮಾತ್ರ ಕೊರೆಯಿರಿ. ಕಾಲಿನ ಭುಜ, ಅಂದರೆ ಅದರ ಮೇಲ್ತುದಿಯ ಗೂಟದ ಬುಡದಲ್ಲಿರುವ ಅಗಲ ಭಾಗ, ಕೂರುವ ಜಾಗ ಇದು. ಆಮೇಲೆ ಅದರ ನಡುವಿನಿಂದ 25 ಮಿ.ಮೀ. ತೂತನ್ನು ಆಚೆ ಬದಿಗೆ ದಾಟಿಸಿ. ದಾಟುವ ಕಡೆ ಹಲಗೆ ಸಿಗಿಯದಂತೆ ಹಿಂದೊಂದು ಬೇಡದ ತುಂಡು ಬಿಗಿದಿರಿ.

ಕಾಲಿನ ಮೇಲ್ತುದಿಯಲ್ಲಿ 25 ಮಿ.ಮೀ. ದುಂಡನೆಯ ಗೂಟ ಬಿಡಿಸಿ. ತೂತು ಮತ್ತು ಅದರಲ್ಲಿ ಕೂರುವ ಗೂಟ, ಈ ಜೋಡಿಯನ್ನು ಮಾರ್ಟಿಸ್ ಮತ್ತು ಟೆನನ್ ಅನ್ನುತ್ತಾರೆ. ಅದೇ ಬಿಟ್‌ನಿಂದ ಬೇರೆ ತುಂಡಿನಲ್ಲಿ ಕೊರೆದ ತೂತಿನಲ್ಲಿ ಗೂಟವನ್ನು ಪರೀಕ್ಷಿಸಿ. ಕೈಯಲ್ಲಿ ತಿರುಗಿಸಿದರೆ ಕಷ್ಟಪಟ್ಟು ಒಳಹೋಗಬೇಕು, ಸುತ್ತಿಗೆ ಕೇಳಬಾರದು. ಗೂಟ ಹಲಗೆಗಿಂತ ತುಸು ಹೆಚ್ಚು ಒಣಗಿದ್ದರೆ ಕೂರಿಸಿದ ಮೇಲೆ ಉಬ್ಬಿ ಇನ್ನೂ ಬಿಗಿಯಾಗುತ್ತದೆ.

ಹಂತ 6: ಕಾಲು ಕೆತ್ತುವುದು

ಸ್ಟೂಲಿನ ಮೇಲೆ ಕೂತಾಗ ಕಾಲನ್ನು ಬಗ್ಗಿಸುವ ಬಲ ಮೇಲುಗಡೆ ಹೆಚ್ಚು, ಕೆಳಗಿಳಿದ ಹಾಗೆ ಕಡಿಮೆ. ಹಾಗಾಗಿ ಭುಜದ ಹತ್ತಿರ 45 ಮಿ.ಮೀ. ದಪ್ಪ ಇಟ್ಟು, ಕೆಳಗೆ ಬರುತ್ತ ಸಣ್ಣ ಮಾಡಿ. ನೆಲದಿಂದ 7–8 ಸೆಂ.ಮೀ. ಮೇಲೆ 26 ಮಿ.ಮೀ.ಗೆ ಇಳಿಯಲಿ. ಅಲ್ಲಿಂದ ಪಾದಕ್ಕೆ ಮತ್ತೆ 32ಕ್ಕೆ ಅರಳಿಸಬಹುದು. ಅದು ಅಂದಕ್ಕೆ, ಜೊತೆಗೆ ನೆಲಕ್ಕೆ ತಾಗಿ ಅಂಚು ಸಿಗಿಯದಿರಲಿ ಎಂದು. ಮೇಲುಗಡೆಯೇ ಸಣ್ಣ ಸೊಂಟ ಮಾಡಿದರೆ ಮುರಿಯುವ ಜಾಗವನ್ನು ನೀವೇ ತೋರಿಸಿಕೊಟ್ಟ ಹಾಗೆ.

ಚೌಕದಿಂದ ನೇರವಾಗಿ ದುಂಡಗೆ ಹೋಗಬೇಡಿ. ಮೊದಲು ರಟ್ಟಿನ ಅಚ್ಚು ಇಟ್ಟು ನಾಲ್ಕೂ ಮುಖಗಳನ್ನು ಗರಗಸದಿಂದ ಆ ರೂಪಕ್ಕೆ ತನ್ನಿ. ಆಮೇಲೆ ಎಂಟು ಮೂಲೆ. ಪ್ರತಿ ಮುಖದಲ್ಲೂ ಅಂಚಿನಿಂದ, ಅಲ್ಲಿನ ಅಗಲದ 0.29ರಷ್ಟು ಒಳಗೆ ಗೆರೆ ಎಳೆಯಿರಿ, 45 ಮಿ.ಮೀ. ಇರುವ ಕಡೆ ಅದು 13 ಮಿ.ಮೀ. ಗೆರೆಯಿಂದ ಗೆರೆಗೆ ಮೂಲೆ ತೆಗೆದರೆ ಸಮನಾದ ಎಂಟು ಮುಖ. ಅದನ್ನು ಹದಿನಾರು ಮಾಡಿ, ಆಮೇಲೆ ಸ್ಪೋಕ್‌ಶೇವ್‌ನಿಂದ ದುಂಡಗೆ ಮಾಡಿ.

ಯಾವಾಗಲೂ ದಪ್ಪದಿಂದ ಸಣ್ಣದರ ಕಡೆಗೆ ಕೀಸಿ. ಎದುರು ದಿಕ್ಕಿಗೆ ಹೋದರೆ ಉಳಿಯ ಬಾಯಿ ಎಳೆಯೊಳಗೆ ಹೊಕ್ಕು ಮರ ಸೀಳುತ್ತದೆ. ಸರಿಯಾದ ದಿಕ್ಕಿನಲ್ಲಿ ಹೋದಾಗ ಸುರುಳಿ ಸುರುಳಿಯಾಗಿ ಹೆರೆ ಏಳುತ್ತದೆ, ಸದ್ದೂ ಒಂದೇ ಸಮನೆ ಬರುತ್ತದೆ. ಸದ್ದು ಕಟಕಟ ಅಂದರೆ ನಿಲ್ಲಿಸಿ ದಿಕ್ಕು ಬದಲಿಸಿ. ಉಬ್ಬುತಗ್ಗು ಹುಡುಕಲು ಬೇರೆ ದೀಪಗಳನ್ನೆಲ್ಲ ಆರಿಸಿ, ಒಂದೇ ದೀಪವನ್ನು ಕಾಲಿನ ಬದಿಗೆ ಹಿಡಿಯಿರಿ. ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿದರೆ ಕಣ್ಣಿಗೆ ಸಿಗದ್ದೂ ಸಿಗುತ್ತದೆ. ಮೂರು ಕಾಲೂ ಮಿಲಿಮೀಟರಿನ ಲೆಕ್ಕಕ್ಕೆ ಒಂದೇ ಆಗಬೇಕಿಲ್ಲ. ಒಂದು ಕಾಲನ್ನು ಮುಗಿಸಿಬಿಟ್ಟು ಇನ್ನೊಂದಕ್ಕೆ ಹೋಗಬೇಡಿ, ಮೂರನ್ನೂ ಹಂತಹಂತವಾಗಿ ಒಟ್ಟಿಗೆ ತನ್ನಿ. ಮೂರನೆಯದು ಬೇರೆಯದೇ ಕುಲದ್ದಾಗುವುದು ತಪ್ಪುತ್ತದೆ.

ಹಂತ 7: ಹಲಗೆ, ಜೋಡಣೆ, ಕವಲಿನ ತಿರುವು

ಹಲಗೆಯನ್ನು 34 ಸೆಂ.ಮೀ. ಅಡ್ಡಳತೆಗೆ ದುಂಡಗೆ ಕತ್ತರಿಸಿಕೊಂಡು, ಮೇಲ್ಭಾಗವನ್ನು ಗೌಜ್‌ನಿಂದ ನಡುವಿನಲ್ಲಿ 12 ಮಿ.ಮೀ.ವರೆಗೆ ತೋಡಿ. ಅಲ್ಲಲ್ಲಿ ಆ ಆಳಕ್ಕೆ ಚಿಕ್ಕ ತೂತುಗಳನ್ನು ಕೊರೆದಿಟ್ಟುಕೊಂಡರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತದೆ. ಎಳೆಗೆ ಅಡ್ಡವಾಗಿ ತೋಡುತ್ತ ಬನ್ನಿ, ಕೊನೆಗೆ ಮಾತ್ರ ಎಳೆಯ ಜೊತೆಗೆ. ಅಡಿಭಾಗದಲ್ಲಿ ಅಂಚನ್ನು 20 ಮಿ.ಮೀ.ಗೆ ಇಳಿಸಿ, ಕಾಲುಗಳ ನಡುವಿನ ಜಾಗ ತೆಗೆಯಿರಿ. ತೂತುಗಳ ಸುತ್ತ ಮಾತ್ರ ಪೂರ್ತಿ ದಪ್ಪ ಉಳಿದು ಮೂರು ಉಬ್ಬುಗಳಾಗಲಿ. ಮೇಲೆ ಕೆಳಗೆ ಎರಡೂ ಕಡೆ ತೋಡುವುದರಿಂದ ನಡುವೆ 25 ಮಿ.ಮೀ.ಗಿಂತ ಕಡಿಮೆಯಾಗದಂತೆ ಅಳೆಯುತ್ತಿರಿ.

ಗೂಟದ ತುದಿಯಲ್ಲಿ ಬೆಣೆಗಾಗಿ ಗರಗಸದಿಂದ ಒಂದು ಸೀಳು ಹಾಕಿ. ಕೂರಿಸುವಾಗ ಆ ಸೀಳು ಹಲಗೆಯ ಎಳೆಗೆ ಅಡ್ಡವಾಗಿರಬೇಕು. ಇದನ್ನು ಎರಡು ಸಲ ನೋಡಿಕೊಳ್ಳಿ. ಎಳೆಯ ಜೊತೆಗಿಟ್ಟು ಬೆಣೆ ಹೊಡೆದರೆ ಹಲಗೆ ಇಬ್ಭಾಗವಾಗುತ್ತದೆ, ಅಷ್ಟು ದಿನದ ಕೆಲಸ ಒಂದು ಏಟಿಗೆ ಹೋಗುತ್ತದೆ. ಅಂಟು ಹಚ್ಚಿ, ಕಾಲು ಕೂರಿಸಿ, ಬೆಣೆ ಹೊಡೆದು ಒಂದು ದಿನ ಬಿಡಿ.

ಶಿಲ್ಪದ ಕೆಲಸ ನಿಜಕ್ಕೂ ಶುರುವಾಗುವುದು ಇಲ್ಲಿ. ಅಮೆರಿಕದ ಮರಗೆಲಸಗಾರ ಸ್ಯಾಮ್ ಮಲೂಫ್ (1916–2009) ಅವರ ತೂಗುಕುರ್ಚಿಗಳಲ್ಲಿ ಕಾಲು ಎಲ್ಲಿ ಮುಗಿದು ಆಸನ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ಸಿಗುವುದಿಲ್ಲ. ಕೀಲಿನ ಹತ್ತಿರ ಮರವನ್ನು ದಪ್ಪಗೆ ಬಿಟ್ಟು, ಜೋಡಿಸಿದ ಮೇಲೆ ಎರಡನ್ನೂ ಒಟ್ಟಿಗೆ ಕೆತ್ತಿದರೆ ಹಾಗೆ ಬರುತ್ತದೆ. ನೀವೂ ರಾಸ್ಪ್ ಹಿಡಿದು, ಒಂದನೆಯ ಹಂತದಲ್ಲಿ ಬರೆದ ತಿರುವನ್ನು ಪಕ್ಕದಲ್ಲಿಟ್ಟುಕೊಂಡು, ಉಬ್ಬು ಕಾಲಿಗೆ ಹರಿಯುವಂತೆ ಸವರುತ್ತ ಬನ್ನಿ. ಎರಡು ತುಂಡುಗಳ ಎಳೆ ಇಲ್ಲಿ ಬೇರೆ ಬೇರೆ ದಿಕ್ಕಿಗಿರುವುದರಿಂದ ಉಳಿ ಬೇಡ, ರಾಸ್ಪ್ ಮತ್ತು ಸ್ಕ್ರೇಪರ್ ಸಾಕು. ತೆಗೆದದ್ದನ್ನು ಮತ್ತೆ ಸೇರಿಸಲಾಗದು. ಆಗಾಗ ಎದ್ದು ದೂರ ನಿಂತು ನೋಡಿ.

ಕಾಲಿನ ತುದಿ ಕತ್ತರಿಸಲು ಸ್ಟೂಲನ್ನು ಸಮತಟ್ಟಾದ ಮೇಜಿನ ಮೇಲೆ ನಿಲ್ಲಿಸಿ, ಕಾಲಡಿಗೆ ತೆಳು ಚಕ್ಕೆಗಳನ್ನು ಕೊಟ್ಟು, ರಸಮಟ್ಟ ಇಟ್ಟು ಆಸನ ಮಟ್ಟವಾಗಿಸಿ. ಒಂದು ತುಂಡು ಮರದ ಮೇಲೆ ಪೆನ್ಸಿಲ್ ಅಡ್ಡ ಮಲಗಿಸಿ, ಮೂರೂ ಕಾಲುಗಳ ಸುತ್ತ ಒಂದೇ ಎತ್ತರಕ್ಕೆ ಗೆರೆ ಎಳೆದು ಅಲ್ಲಿಗೆ ಕತ್ತರಿಸಿ.

ಹಂತ 8: ಮೇಲ್ಮೈ

ಉಳಿಯ ಗುರುತು ಬಿಡಬೇಕೋ, ಉಜ್ಜಿ ನುಣುಪು ಮಾಡಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಎಲ್ಲವನ್ನೂ ಗಾಜಿನಂತೆ ಉಜ್ಜಿದರೆ ಯಂತ್ರದ ಕೆಲಸವೋ ಕೈಕೆಲಸವೋ ತಿಳಿಯುವುದಿಲ್ಲ. ಎಲ್ಲ ಕಡೆ ಗುರುತು ಬಿಟ್ಟರೆ ಅರ್ಧಕ್ಕೆ ನಿಂತ ಹಾಗೆ ಕಾಣುತ್ತದೆ. ಮೈಗೆ ತಾಗುವ ಮೇಲ್ಭಾಗ ನುಣುಪಾಗಿದ್ದು, ಅಡಿಭಾಗದಲ್ಲಿ ಗೌಜ್‌ನ ಸಾಲುಗಳು ಸ್ವಚ್ಛವಾಗಿ ಉಳಿದರೆ ನನಗಿಷ್ಟ. ಬಿಡುವ ಗುರುತು ಹರಿತ ಉಳಿಯದ್ದಾಗಿರಬೇಕು. ಮೊಂಡು ಉಳಿ ಹರಿದ ಗಾಯವನ್ನು ಕೈಚಳಕ ಅನ್ನಲಾಗದು.

ಸ್ಯಾಂಡ್‌ಪೇಪರ್ 80, 120, 180, 220 ಎಂಬ ಕ್ರಮದಲ್ಲಿ. ನಡುವಿನ ಒಂದನ್ನು ಹಾರಿಸಿದರೆ ಗೀರುಗಳು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತವೆ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎದ್ದ ನಾರನ್ನು ಮತ್ತೊಮ್ಮೆ 220ರಲ್ಲಿ ಮೆಲ್ಲಗೆ ಉಜ್ಜಿ. ಮರದ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಅರ್ಧ ಗಂಟೆಯೊಳಗೆ ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ, ಹೀಗೆ ಎರಡು ಮೂರು ಸಲ. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಲೇಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದುಡಿದ ಬಟ್ಟೆಯಲ್ಲಿ ಆ ಬಿಸಿ ಹೊರಹೋಗದೆ ತಾನಾಗಿಯೇ ಬೆಂಕಿ ಹತ್ತಬಹುದು. ಬಯಲಲ್ಲಿ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮುಂದೆ ಮೇಜು ಮಾಡುವವರಿಗೆ

ಸ್ಟೂಲಿನ ಹಲಗೆಗೆ ಅಡ್ಡಪಟ್ಟಿ ಇಲ್ಲದ್ದರಿಂದ ಅದು ಹಿಗ್ಗಿ ಕುಗ್ಗಿದರೂ ತೊಂದರೆಯಿಲ್ಲ. ಮೇಜಿನಲ್ಲಿ ಹಾಗಲ್ಲ. 60 ಸೆಂ.ಮೀ. ಅಗಲದ ಹಲಗೆಯ ತೇವ 4 ಶೇಕಡದಷ್ಟು ಏರಿಳಿದರೆ ಅಗಲ ಸುಮಾರು 6 ಮಿ.ಮೀ. ಬದಲಾಗಬಹುದು. ಅಡಿಯಲ್ಲಿ ಅಡ್ಡಪಟ್ಟಿ ಹಾಕಿ ಗಟ್ಟಿಯಾಗಿ ಅಂಟಿಸಿದರೆ ಹಲಗೆ ಸೀಳುತ್ತದೆ. ಪಟ್ಟಿಯಲ್ಲಿ ಉದ್ದನೆಯ ತೂತು ಮಾಡಿ ಸ್ಕ್ರೂ ಆಚೀಚೆ ಸರಿಯಲು ಜಾಗ ಬಿಡಿ. ಬಿರುಕಿಗೆ ಬಣ್ಣದ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ) ಸುರಿಯುವ ಮೇಜಿಗೂ ಇದೇ ಮಾತು. ಒಣಗದ ಮರವಾದರೆ ರೆಸಿನ್ ಒಂದು ಕಡೆ ನಿಂತು ಮರ ಇನ್ನೊಂದು ಕಡೆ ಕಿತ್ತುಬರುತ್ತದೆ.

ಸ್ಟೂಲು ಒಂದು ಮಳೆಗಾಲ, ಒಂದು ಬೇಸಿಗೆ ಕಂಡ ಮೇಲೆ ಆಸನದ ಮೇಲೆ ಕೈಯಾಡಿಸಿ ನೋಡಿ. ಹಲಗೆಯ ದಪ್ಪ ಕುಗ್ಗಿ, ಗೂಟದ ತುದಿ ಕೂದಲೆಳೆಯಷ್ಟು ಮೇಲೆದ್ದಿದ್ದರೆ ಸ್ಕ್ರೇಪರ್‌ನಿಂದ ಸವರಿ, ಆ ಜಾಗಕ್ಕೆ ಒಂದು ಸಲ ಎಣ್ಣೆ ಹಚ್ಚಿ.